ಬಿಸಿಲು, ಬ್ಯಾಟರಿ ಮತ್ತು ನಿಂತ ಕಾರು

ಮರ್ಫಿ ಟೌನಿನ ನಮ್ಮ ಬೀದಿಯಲ್ಲಿ ಓಡುವ ಕಾರುಗಳಿಗಿಂತ ನಿಂತ ಕಾರುಗಳೇ ಜಾಸ್ತಿ. ದಂಡು ಪ್ರದೇಶದ ಎಂಜಿನಿಯರ್ ಮರ್ಫಿಯವರ ಹೆಸರು ಹೊತ್ತ ಈ ಬಡಾವಣೆ ಆದಾಗ, ಮುಂದೊಂದು ದಿನ ಮನೆಗೊಂದು ಕಾರು ಬರುತ್ತದೆ ಅಂತ ಯಾರೂ ಅಂದುಕೊಂಡಿರಲಿಕ್ಕಿಲ್ಲ. 2011ರಲ್ಲಿ ಹಲಸೂರಿಗೆ ಮೆಟ್ರೋ ಬಂತು. 2020ರಲ್ಲಿ ಲಾಕ್‌ಡೌನ್ ಬಂತು, ಅದರ ಬೆನ್ನಿಗೇ ವರ್ಕ್ ಫ್ರಮ್ ಹೋಮ್. ಕಾರು ಮಾತ್ರ ಎಲ್ಲಿಗೂ ಹೋಗಲಿಲ್ಲ :) ನಿಂತಲ್ಲೇ ಬ್ಯಾಟರಿ ಕೂತುಹೋಯಿತು.

ಆಗಿನಿಂದ ಅಕ್ಕಪಕ್ಕದವರ ಪ್ರಶ್ನೆ ಒಂದೇ. "ನೀನು ಎಂಜಿನಿಯರ್ ಅಲ್ವೇನಪ್ಪಾ, ಒಂದು ಸೋಲಾರ್ ಚಾರ್ಜರ್ ಹಾಕಿದ್ರೆ ಸತ್ತ ಬ್ಯಾಟರಿ ಬದುಕುತ್ತಾ?" ನಾನು ಸಾಫ್ಟ್‌ವೇರಿನವನು ಅಂದರೆ ಯಾರೂ ಕೇಳುವುದಿಲ್ಲ. ಇರಲಿ. ಉತ್ತರ ಹುಡುಕುತ್ತಾ ಹೋದರೆ ಸಿಕ್ಕಿದ್ದು ಒಂದು ಒಳ್ಳೆಯ ಚರಿತ್ರೆ.

ಮೊದಲು ಬ್ಯಾಟರಿ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸದ ಹಾಳೆಗಳನ್ನು ಆಸಿಡ್‌ನಲ್ಲಿ ಮುಳುಗಿಸಿ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿ ಮಾಡಿದ. 1881ರಲ್ಲಿ ಕಮೀಲ್ ಫೋರ್ ಅದನ್ನು ಸುಧಾರಿಸಿದ. ಕಾರಿನಲ್ಲಿ ಅದಕ್ಕೆ ಖಾಯಂ ಜಾಗ ಸಿಕ್ಕಿದ್ದು 1912ರಲ್ಲಿ, ಚಾರ್ಲ್ಸ್ ಕೆಟರಿಂಗ್ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟ ಮೇಲೆ. ಅಲ್ಲಿಯವರೆಗೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. ನಮ್ಮ ಹಳೆಯ ಅಂಬಾಸಿಡರ್‌ಗಳಲ್ಲೂ ಆ ಹ್ಯಾಂಡಲ್ ಇರುತ್ತಿತ್ತು, ಹಿರಿಯರನ್ನು ಕೇಳಿ ನೋಡಿ.

ಈ ವ್ಯವಸ್ಥೆಯ ಹಿಂದೆ ಒಂದು ನಂಬಿಕೆ ಇದೆ. ಕಾರು ದಿನಾ ಓಡುತ್ತದೆ, ಸೆಲ್ಫ್ ತಿಂದ ಕರೆಂಟನ್ನು ಎಂಜಿನ್ ವಾಪಸ್ ತುಂಬುತ್ತದೆ ಅನ್ನುವುದು. ಕಾರು ನಿಂತರೆ ಲೆಕ್ಕ ತಪ್ಪುತ್ತದೆ. ಖಾಲಿಯಾದಂತೆ ಸೀಸದ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿ ಹೋಗುತ್ತದೆ. ವಾರಗಟ್ಟಲೆ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಕರೆಂಟು ಕೊಟ್ಟರೂ ಪೂರ್ತಿ ಕರಗುವುದಿಲ್ಲ.

ಈಗ ಸೋಲಾರ್. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಚೇಪಿನ್, ಫುಲ್ಲರ್, ಪಿಯರ್ಸನ್ ಸಿಲಿಕಾನ್ ಸೌರಕೋಶವನ್ನು ತೋರಿಸಿದರು. ಬಿದ್ದ ಬಿಸಿಲಿನಲ್ಲಿ ಕರೆಂಟಾಗುತ್ತಿದ್ದದ್ದು ಸುಮಾರು ನೂರಕ್ಕೆ ಆರು ಭಾಗ. ಮಜಾ ಏನೆಂದರೆ ಅವರು ಅದಕ್ಕಿಟ್ಟ ಹೆಸರೇ ‘ಬೆಲ್ ಸೋಲಾರ್ ಬ್ಯಾಟರಿ’! 1955ರ ಅಕ್ಟೋಬರ್‌ನಲ್ಲಿ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಊರಲ್ಲಿ ಹಳ್ಳಿಯ ಟೆಲಿಫೋನ್ ಲೈನಿಗೆ ಅದನ್ನು ಹಾಕಿ ನೋಡಿದರು. ಅಲ್ಲಿ ಅದರ ಕೆಲಸ ಬ್ಯಾಟರಿಯನ್ನು ತುಂಬಿಡುವುದು. ಅಂದರೆ ಸೌರಕೋಶ ಊರಿಗಿಳಿದ ಮೊದಲ ದಿನದಿಂದಲೂ ಬ್ಯಾಟರಿ ಕಾಯುವ ಕೆಲಸದಲ್ಲೇ ಇದೆ.

ಬೆಂಗಳೂರಿಗೂ ಇದರಲ್ಲಿ ದೊಡ್ಡ ಪಾಲಿದೆ. ಪೀಣ್ಯದ ಶೆಡ್ಡುಗಳಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟದ 26 ಮುಖಗಳಲ್ಲಿ 24ರ ಮೇಲೆ ಸೌರಕೋಶಗಳಿದ್ದವು. ಒಟ್ಟು 46 ವಾಟ್, ಇವತ್ತಿನ ಒಂದು ಫ್ಯಾನಿನಷ್ಟು. ಪ್ರತಿ ಸುತ್ತಿನಲ್ಲೂ ಭೂಮಿಯ ನೆರಳಿಗೆ ಬಂದಾಗ ಬ್ಯಾಟರಿಯೇ ಗತಿ. ವಿದ್ಯುತ್ ಪೂರೈಕೆ ಕೈಕೊಟ್ಟು ಕೆಲವೇ ದಿನಗಳಲ್ಲಿ ಅದರ ವೈಜ್ಞಾನಿಕ ಪ್ರಯೋಗಗಳು ನಿಂತವು. ಬಿಸಿಲು ಎಷ್ಟಿದ್ದರೂ ಅದನ್ನು ಅಳೆದು ಹಂಚುವ ಸರ್ಕ್ಯೂಟೂ ಸರಿಯಿರಬೇಕು.

ಅದೇ ಮಾತು ನೆಲದ ಮೇಲೂ ನಿಜ. ಕರೆಂಟಿಲ್ಲದ ಮಲೆನಾಡಿನ ಮನೆಗಳಲ್ಲಿ ಟಿವಿ ನೋಡಲು ಬ್ಯಾಟರಿಯನ್ನು ಪೇಟೆಗೆ ಹೊತ್ತು ಚಾರ್ಜ್ ಮಾಡಿಸಿ ತರುತ್ತಿದ್ದ ಕಾಲವಿತ್ತು. 1989ರಲ್ಲಿ ಬೆಂಗಳೂರಿನಲ್ಲಿ ಟಾಟಾ ಬಿಪಿ ಸೋಲಾರ್ ಶುರುವಾಯಿತು. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸೆಲ್ಕೋ ಕಟ್ಟಿ ಹಳ್ಳಿಮನೆಗಳಿಗೆ ಸೋಲಾರ್ ದೀಪ ಮುಟ್ಟಿಸಿದರು (ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು). ಇಂಥ ಮನೆಗಳಲ್ಲಿ ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಗೋಡೆಯ ಮೇಲೆ ಒಂದು ಪುಟ್ಟ ಡಬ್ಬಿ ಇರುತ್ತದೆ. ಅದೇ ಚಾರ್ಜ್ ಕಂಟ್ರೋಲರ್. ಜಾಸ್ತಿ ತುಂಬದಂತೆ, ಪೂರ್ತಿ ಬರಿದಾಗದಂತೆ ಅದು ಕಾಯುತ್ತದೆ.

ಕಾರಿಗೂ ಈ ಉಪಾಯ ಹೊಸದಲ್ಲ. 2000ದ ದಶಕದ ಶುರುವಿನಲ್ಲಿ ಫೋಕ್ಸ್‌ವ್ಯಾಗನ್ ಹೊಸ ಕಾರುಗಳು ಸಾಗಣೆಯಲ್ಲಿ, ಯಾರ್ಡಿನಲ್ಲಿ ನಿಂತಿರುವಾಗ ಬ್ಯಾಟರಿ ಇಳಿಯಬಾರದೆಂದು ಪುಟ್ಟ ಸೋಲಾರ್ ಪ್ಯಾನೆಲ್ ಇಟ್ಟು ಕಳಿಸುತ್ತಿತ್ತು. ಗಮನಿಸಿ, ಆ ಬ್ಯಾಟರಿಗಳು ಹೊಸವು, ತುಂಬಿದವು.

ಈಗ ನಮ್ಮ ಬೀದಿಯ ಲೆಕ್ಕ. ಚಿಕ್ಕ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್ ಅಂದುಕೊಳ್ಳಿ. ನಿಂತ ಕಾರಿನ ಅಲಾರಂ, ಗಡಿಯಾರ ಎಲ್ಲ ಸೇರಿ 30 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 0.72 ಆಂಪಿಯರ್-ಅವರ್. ಮೂರೂವರೆ ವಾರಕ್ಕೆ ಅರ್ಧ ಖಾಲಿ! 5 ವಾಟಿನ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 1.2 ಕೊಡುತ್ತದೆ. ಸೋರಿದ್ದನ್ನು ತುಂಬಲು ಧಾರಾಳ ಸಾಕು. ಆದರೆ ಖಾಲಿ ಬ್ಯಾಟರಿ ತುಂಬಲು ಅದಕ್ಕೆ ಕನಿಷ್ಠ ಒಂದು ತಿಂಗಳಾದರೂ ಬೇಕು, ಅಷ್ಟರಲ್ಲಿ ಹರಳು ಗಟ್ಟಿಯಾಗಿರುತ್ತದೆ. ಗಾಜಿನ ಹಿಂದೆ ಇಟ್ಟರೆ, ಮರದ ನೆರಳಿದ್ದರೆ ಇನ್ನೂ ಕಮ್ಮಿ.

ಹಾಗಾಗಿ ನನ್ನ ಉತ್ತರ: ಸೋಲಾರ್ ಚಾರ್ಜರ್ ಕಾವಲುಗಾರ, ಡಾಕ್ಟರ್ ಅಲ್ಲ. ಬ್ಯಾಟರಿ ಇಳಿದಿದ್ದರೆ ಮೊದಲು ಕರೆಂಟಿನ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ. ಒಂದು ರಾತ್ರಿ ಬಿಟ್ಟು ನೋಡಿ, 12.6 ವೋಲ್ಟ್ ನಿಂತರೆ ಪ್ಯಾನೆಲ್ ಹಾಕಿ. 12 ವೋಲ್ಟಿನ ಪ್ಯಾನೆಲ್ ಅಂದರೂ ಲೋಡ್ ಇಲ್ಲದಾಗ 21 ವೋಲ್ಟ್ ದಾಟುತ್ತದೆ, ಆದ್ದರಿಂದ ಕಂಟ್ರೋಲರ್ ಬೇಕೇ ಬೇಕು. ಕೆಲವು ಕಾರುಗಳಲ್ಲಿ ಕೀ ತೆಗೆದರೆ ಲೈಟರ್ ಸಾಕೆಟ್ ಸತ್ತಿರುತ್ತದೆ, ಅಲ್ಲಿ ಚುಚ್ಚಿ ಪ್ರಯೋಜನವಿಲ್ಲ. ನೇರ ಬ್ಯಾಟರಿಗೇ, ಫ್ಯೂಸ್ ಹಾಕಿ ಕೊಡಿ.

"ಇಷ್ಟೆಲ್ಲ ಯಾಕೆ, ಹಳೇದು ಕೊಟ್ಟು ಹೊಸದು ತಂದರಾಯ್ತು" ಅನ್ನುವವರಿದ್ದಾರೆ. ಆ ಹಳೆಯದರ ಒಳಗೆ ಕಿಲೋಗಟ್ಟಲೆ ಸೀಸ ಇದೆ. 2001ರಲ್ಲೇ ಅದಕ್ಕೆ ನಿಯಮ ಬಂತು, 2022ರಲ್ಲಿ ಹೊಸ ನಿಯಮ ಬಂತು. ಆದರೂ ಗುಜರಿಗೆ ಹೋದ ಬ್ಯಾಟರಿ ಎಲ್ಲೋ ಒಂದು ಶೆಡ್ಡಿನಲ್ಲಿ ಬಯಲು ಒಲೆಯ ಮೇಲೆ ಕರಗಿದರೆ, ಆ ಹೊಗೆ ಕುಡಿಯುವುದು ಅಲ್ಲಿನ ಕೆಲಸಗಾರರು, ಅವರ ಮಕ್ಕಳು. ಒಂದು ಬ್ಯಾಟರಿ ಎರಡು ವರ್ಷ ಜಾಸ್ತಿ ಬಾಳಿದರೆ ಉಳಿಯುವುದು ನಮ್ಮ ದುಡ್ಡು ಮಾತ್ರ ಅಲ್ಲ.

ನಿಮ್ಮಲ್ಲಿ ಯಾರಾದರೂ ಪ್ಯಾನೆಲ್ ಹಾಕಿದ್ದರೆ ಎಷ್ಟು ವಾಟ್, ಎಷ್ಟು ದಿನ ಬಾಳಿತು ಅಂತ ಬರೆಯಿರಿ. ಬೀದಿಯವರಿಗೆ ತೋರಿಸಲು ನನಗೂ ಸಾಕ್ಷಿ ಬೇಕು :)