ಸಿಹಿಗುಂಬಳದ ಬ್ರೆಡ್

ಬೇಯಿಸಿ ನುಣ್ಣಗೆ ಹಿಸುಕಿದ ಸಿಹಿಗುಂಬಳದ ತಿರುಳನ್ನು ಗೋದಿ ಹಿಟ್ಟಿನೊಂದಿಗೆ ನಾದಿ, ಯೀಸ್ಟ್‌ನಿಂದ ಉಬ್ಬಿಸಿ ಸುಡುವ ಮೆದುವಾದ ಬ್ರೆಡ್. ಬಣ್ಣ ಅರಿಸಿನದ್ದು, ರುಚಿ ನಸುಸಿಹಿ. ಕುಮಟಾ ತಾಲ್ಲೂಕಿನ ಹೊಳನಗದ್ದೆಯಂಥ ಅನ್ನದ ಊರುಗಳಿಗೆ ಬ್ರೆಡ್ ಹೊರಗಿನಿಂದ ಬಂದದ್ದು. ಆದರೆ ಕುಂಬಳವನ್ನು ಹಿಟ್ಟಿಗೆ ಸೇರಿಸಿ ಮೆದು ಮಾಡುವ ಕೈಗುಣ ಕನ್ನಡನಾಡಿಗೆ ಹಳೆಯದು.

ಕನ್ನಡಿಗರಿಗೆ ಮೊದಲು ಗೊತ್ತಿದ್ದ ಕುಂಬಳ ಬೂದುಗುಂಬಳ, ಸಂಸ್ಕೃತದ ಕೂಷ್ಮಾಂಡ. ಸಿಹಿಗುಂಬಳ ಅಮೆರಿಕ ಖಂಡದ ಬಳ್ಳಿ. ಅದರ ಸೋದರ ಜಾತಿಯೊಂದರ ಬೀಜಗಳು ಮೆಕ್ಸಿಕೊದ ಓಹಾಕಾ ಪ್ರಾಂತ್ಯದ ಗುಹೆಯೊಂದರಲ್ಲಿ ಸಿಕ್ಕಿದ್ದು, ಅವುಗಳ ವಯಸ್ಸು ಸುಮಾರು 10,000 ವರ್ಷ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು 1569ರಲ್ಲಿ ಹೊನ್ನಾವರದಲ್ಲೂ ನೆಲೆಯೂರಿದರು. ಮೆಣಸಿನಕಾಯಿ, ಗೋಡಂಬಿಗಳಂತೆ ಅಮೆರಿಕದ ಅನೇಕ ಬೆಳೆಗಳು ಪಶ್ಚಿಮ ಕರಾವಳಿಗೆ ಬಂದದ್ದು ಇವರ ಕಾಲದಲ್ಲಿ. ಹೊಸ ಕಾಯಿಗೆ ಜನ ಹಳೆಯ ಹೆಸರನ್ನೇ ಕೊಟ್ಟರು, ಮುಂದೆ ‘ಸಿಹಿ’ ಎಂದು ಸೇರಿಸಿದರು. ಅಟ್ಟದ ಮೇಲಿಟ್ಟರೆ ತಿಂಗಳುಗಟ್ಟಲೆ ಕೆಡದ ಈ ಕಾಯಿ ಮಳೆಗಾಲದ ಮನೆಗಳಿಗೆ ದೊಡ್ಡ ಆಸರೆಯಾಯಿತು.

ಉಬ್ಬಿದ ಬ್ರೆಡ್ ಕೂಡ ಇದೇ ಕಡಲ ದಾರಿಯಲ್ಲಿ ಬಂತು. ‘ಪಾವ್’ ಎಂಬ ಮಾತು ಪೋರ್ಚುಗೀಸ್ ಭಾಷೆಯದು. ಗೋವೆಯ ಪೊದೇರರು, ಅಂದರೆ ಬ್ರೆಡ್ ಸುಡುವವರು, ಹಿಟ್ಟನ್ನು ಹುದುಗಿಸಲು ತೆಂಗಿನ ಕಳ್ಳನ್ನು ಬಳಸುತ್ತಿದ್ದರು.

ಹಿಟ್ಟನ್ನು ಸುಡುವ ವಿದ್ಯೆ ಮಾತ್ರ ಅದಕ್ಕೂ ಮುಂಚಿನದು. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ‘ಸೂಪಶಾಸ್ತ್ರ’ದಲ್ಲಿ ಹಿಟ್ಟಿನ ತಿನಿಸುಗಳಿಗೆಂದೇ ಪಿಷ್ಟಪಾಕ ಎಂಬ ಅಧ್ಯಾಯವಿದೆ. ಕರಾವಳಿಯ ಕೊಂಕಣಿ ಮನೆಗಳ ತವಸಳಿ ಒಲೆಯ ಮೇಲೆಯೇ ಆಗುತ್ತಿದ್ದ ಕೇಕು. ಅಕ್ಕಿ ರವೆ, ತುರಿದ ಸೌತೆಕಾಯಿ, ಬೆಲ್ಲ, ಕಾಯಿತುರಿ ಕಲಸಿ ಪಾತ್ರೆಗೆ ಹಾಕಿ, ಕೆಳಗೆ ಒಲೆಯ ಬೆಂಕಿ, ಮುಚ್ಚಳದ ಮೇಲೆ ಕೆಂಡ ಇಡುವುದು ಹಳೆಯ ಕ್ರಮ. ಬಯಲುಸೀಮೆಯ ಕುಂಬಳಕಾಯಿ ಗಾರಿಗೆಯಲ್ಲಿ ತಿರುಳು, ಬೆಲ್ಲ, ಗೋದಿ ಹಿಟ್ಟು ಆಗಲೇ ಜೊತೆಗೂಡಿದ್ದವು. ಅದಕ್ಕೆ ಯೀಸ್ಟ್ ಸೇರಿದರೆ ಬ್ರೆಡ್ಡಿಗೆ ಉಳಿಯುವುದು ಒಂದೇ ಹೆಜ್ಜೆ.

ಮೆದುತನದ ಗುಟ್ಟು ತಿರುಳಿನಲ್ಲಿದೆ. ಕುಂಬಳದಲ್ಲಿ ಸುಮಾರು ಶೇಕಡಾ 90 ನೀರು. ಅದರ ಪೆಕ್ಟಿನ್ ಮತ್ತು ನಾರು ಆ ನೀರನ್ನು ಹಿಡಿದಿಡುವುದರಿಂದ ಬ್ರೆಡ್ ಬೇಗ ಒಣಗುವುದಿಲ್ಲ. 500 ಗ್ರಾಂ ಮೈದಾಕ್ಕೆ 250 ಗ್ರಾಂ ತಿರುಳು, 7 ಗ್ರಾಂ ಒಣ ಯೀಸ್ಟ್, 8 ಗ್ರಾಂ ಉಪ್ಪು, ಎರಡು ಚಮಚ ಬೆಲ್ಲದ ಪುಡಿ, ಸ್ವಲ್ಪ ತುಪ್ಪ ಸಾಕು. ಕುಂಬಳವನ್ನು ನೀರಿನಲ್ಲಿ ಕುದಿಸದೆ ಹಬೆಯಲ್ಲಿ ಬೇಯಿಸಿ, ಪೂರ್ತಿ ಆರಿಸಿ ಸೇರಿಸಬೇಕು. ಬಿಸಿ ತಿರುಳು ಯೀಸ್ಟನ್ನು ಕೊಲ್ಲುತ್ತದೆ. ಹಾಲನ್ನು ಚಮಚ ಚಮಚವಾಗಿ ಹಾಕುತ್ತ ಹೋದರೆ 75ರಿಂದ 100 ಮಿಲಿಲೀಟರಿಗೆ ಹದ ಬರುತ್ತದೆ. ಮೊದಲಿಗೆ ಹಿಟ್ಟು ಬೆರಳಿಗೆ ಅಂಟುತ್ತದೆ. ಆಗ ಒಣ ಹಿಟ್ಟು ಸುರಿಯದೆ ಹತ್ತು ನಿಮಿಷ ನಾದಿದರೆ ಅದು ಕೈಬಿಟ್ಟು ನುಣುಪಾಗುತ್ತದೆ. ಕರಾವಳಿಯ ಸೆಕೆಗೆ ಹಿಟ್ಟು ಬೇಗ ಉಬ್ಬುವುದರಿಂದ ಗಡಿಯಾರ ನೋಡುವುದಕ್ಕಿಂತ ಹಿಟ್ಟನ್ನು ನೋಡುವುದು ಒಳ್ಳೆಯದು: ಅದು ಎರಡರಷ್ಟಾದಾಗ ಅಚ್ಚಿಗೆ ಹಾಕಿ, ಮತ್ತೆ ಉಬ್ಬಲು ಬಿಟ್ಟು, 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆಗೂ ತುಸು ಹೆಚ್ಚು ಹೊತ್ತು ಸುಡಬೇಕು.

ಓವನ್ ಇಲ್ಲದ ಮನೆಗಳಲ್ಲಿ ದಪ್ಪ ತಳದ ಪಾತ್ರೆಗೆ ಉಪ್ಪು ಅಥವಾ ಮರಳು ಹರವಿ, ಅದರೊಳಗೆ ಅಚ್ಚನ್ನಿಟ್ಟು ಮುಚ್ಚಿ ಸುಡುತ್ತಾರೆ. ಮೇಲೆ ಕೆಂಡವಿಲ್ಲದ ಕಾರಣ ಬ್ರೆಡ್ಡಿನ ನೆತ್ತಿ ಕೆಂಪಾಗುವುದಿಲ್ಲ, ಒಳಗಿನ ಮೆದುತನ ಮಾತ್ರ ಕಡಿಮೆಯಾಗುವುದಿಲ್ಲ. ತೇವ ಹೆಚ್ಚಿರುವ ಈ ಬ್ರೆಡ್ಡಿಗೆ ಕರಾವಳಿಯ ಹವೆಯಲ್ಲಿ ಬೇಗ ಬೂಷ್ಟು ಹಿಡಿಯುವುದರಿಂದ ಎರಡು ದಿನದೊಳಗೆ ತಿಂದು ಮುಗಿಸಬೇಕು.