ಬರ್ಗಂಡಿಯ ದ್ರಾಕ್ಷಿ ತೋಟದ ವರ್ಷ: ಹಸುವಿನ ಕೊಂಬು, ಚಂದ್ರನ ಪಂಚಾಂಗ, ಮೈಲುತುತ್ತ



ಕೊಂಬಿನ ಗೊಬ್ಬರದ ಬಗ್ಗೆ ಇತ್ತೀಚೆಗೆ ಬಹಳ ಜನ ಕೇಳಾಕತ್ತೀರಿ. "ಬಯೋಡೈನಾಮಿಕ್ ಅಂದ್ರ ಸಾವಯವನೇ ಅಲ್ಲೇನ್ರಿ?" "ಅವರ ಪಂಚಾಂಗ ನೋಡಿ ಚಾಟಣಿ ಮಾಡಿದ್ರ ಗೊನಿ ಹೆಚ್ಚು ಬರ್ತಾವೇನು?" ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋದಕ್ಕಿಂತ ಇದರ ಇತಿಹಾಸವನ್ನೇ ಬರೆಯೋಣ ಅನ್ನಿಸಿತು. ದ್ರಾಕ್ಷಿಯಲ್ಲಿ ಈ ಪದ್ಧತಿ ದೊಡ್ಡ ಹೆಸರು ಮಾಡಿದ್ದು ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ. ಅಲ್ಲಿಯ ವರ್ಷ ಹೇಗೆ ನಡೀತದ ಅಂತ ತಿಳಿಯದೆ ಬರೀ ಕೊಂಬು ತಂದು ಹೂತರೆ ಅರ್ಧ ಮಾತು ಕೇಳಿದಂಗ ಆಗ್ತದ. ಬರಹ ಸ್ವಲ್ಪ ಉದ್ದ ಐತಿ, ಪುರುಸೊತ್ತಿನಲ್ಲಿ ಓದ್ರಿ.

ನಮ್ಮ ಬಿಜಾಪುರ ಸೀಮೆಯಲ್ಲಿ ಬಳ್ಳಿಗೆ ನಿದ್ದೆ ಇಲ್ಲ. ಏಪ್ರಿಲ್‌ನಲ್ಲಿ ಒಂದು ಚಾಟಣಿ ಕಡ್ಡಿಗಾಗಿ, ಅಕ್ಟೋಬರ್‌ನಲ್ಲಿ ಇನ್ನೊಂದು ಹಣ್ಣಿಗಾಗಿ. ನಮ್ಮಲ್ಲಿ ಹಂಗಾಮು ಶುರು ಮಾಡೋದು ಕತ್ತರಿ. ಬರ್ಗಂಡಿಯಲ್ಲಿ ಅದನ್ನು ಚಳಿ ಮಾಡ್ತದ. ಸೆಪ್ಟೆಂಬರ್‌ನಲ್ಲಿ ಕಟಾವು, ನವೆಂಬರ್ ಹೊತ್ತಿಗೆ ಎಲೆ ಪೂರ್ತಿ ಉದುರಿ ಬಳ್ಳಿ ಒಣ ಕಟ್ಟಿಗೆ ಹಂಗ ನಿಲ್ತದ. ಆಗ ಸಾಲಿನ ಮಣ್ಣನ್ನು ಬುಡಕ್ಕೆ ಏರಿಸಿ ಮುಚ್ಚುತ್ತಾರೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಂದೇ ಚಾಟಣಿ. ಕಡಿದ ಕಡ್ಡಿಯನ್ನು ಸಾಲಿನಲ್ಲೇ ಕೈಗಾಡಿಯಂಥ ಕಬ್ಬಿಣದ ಡ್ರಮ್ಮಿನಲ್ಲಿ ಸುಟ್ಟು, ಅದರ ಮುಂದೆ ಕೈ ಕಾಸಿಕೊಳ್ಳುತ್ತ ಕೆಲಸ ಮಾಡುತ್ತಾರೆ. ಜನವರಿ 22ಕ್ಕೆ ದ್ರಾಕ್ಷಿ ಬೆಳೆಗಾರರ ಸಂತ ವಿನ್ಸೆಂಟನ ಹಬ್ಬ. ಮಾರ್ಚ್‌ನಲ್ಲಿ ಕಡಿದ ತುದಿಯಿಂದ ನೀರು ತೊಟ್ಟಿಕ್ಕುತ್ತದೆ, ಏಪ್ರಿಲ್‌ನಲ್ಲಿ ಕಣ್ಣು ಒಡೆಯುತ್ತವೆ. ಅಲ್ಲಿಂದ ಮೇ ನಡುವಿನವರೆಗೆ ರಾತ್ರಿ ಹಿಮ ಬಿದ್ದು ಚಿಗುರು ಸುಟ್ಟೀತೆಂಬ ಭಯ. ಮೇ 11, 12, 13ರ ಮೂವರು ಸಂತರ ದಿನ ಕಳೆದರೆ ಭಯ ಮುಗೀತು ಅನ್ನೋದು ಹಳೆಯ ನಂಬಿಕೆ, ನಮ್ಮ ಹಿರಿಯರು ರೋಹಿಣಿ, ಮೃಗಶಿರ ಮಳೆ ಲೆಕ್ಕ ಹಾಕಿದಂಗ. ಜೂನ್‌ನಲ್ಲಿ ಹೂವು, ಅಲ್ಲಿಂದ ಸುಮಾರು ನೂರು ದಿನಕ್ಕೆ ಕಟಾವು.

ಇದರಲ್ಲಿ ಬಯೋಡೈನಾಮಿಕ್ ಎಲ್ಲಿ ಬಂತು? ಇನ್ನೂ ಬಂದಿಲ್ಲ. ಮೇಲೆ ಹೇಳಿದ್ದೆಲ್ಲ ಅದಕ್ಕಿಂತ ಹಳೆಯ ರೈತರ ಕೆಲಸ.

1924ರ ಜೂನ್‌ನಲ್ಲಿ ರುಡಾಲ್ಫ್ ಸ್ಟೈನರ್ ಎಂಬ ತತ್ತ್ವಜ್ಞಾನಿ, ಆಗ ಜರ್ಮನಿಯಲ್ಲಿದ್ದು ಈಗ ಪೋಲೆಂಡಿಗೆ ಸೇರಿದ ಕೋಬರ್ವಿಟ್ಸ್ ಎಂಬ ಊರಿನ ಜಮೀನ್ದಾರರೊಬ್ಬರ ಮನೆಯಲ್ಲಿ ಎಂಟು ಉಪನ್ಯಾಸ ಕೊಟ್ಟರು. ಬೀಜ ಸತ್ವ ಕಳಕೊಂಡಾವ, ದನಗಳಿಗೆ ರೋಗ ಹೆಚ್ಚಾಗೇದ ಅಂತ ರೈತರೇ ಹೋಗಿ ಕೇಳಿಕೊಂಡಿದ್ದರು. ಸ್ಟೈನರ್ ರೈತರಲ್ಲ, ಮರುವರ್ಷವೇ ತೀರಿಕೊಂಡರು. ದ್ರಾಕ್ಷಿ ತೋಟದ ಕೆಲಸದ ಪಟ್ಟಿ ಆ ಉಪನ್ಯಾಸಗಳಲ್ಲಿ ಇಲ್ಲ. ಇದ್ದದ್ದು ಜಮೀನು, ದನ, ಗೊಬ್ಬರ ಎಲ್ಲ ಸೇರಿ ಒಂದೇ ಜೀವ ಎಂಬ ವಿಚಾರ, ಮತ್ತು ಕೆಲವು ತಯಾರಿಗಳು.

ಅದರಲ್ಲಿ ಹೆಸರಾದದ್ದು 500 ನಂಬರಿನ ತಯಾರಿ. ಹಸುವಿನ ಕೊಂಬಿಗೆ ಹಸಿ ಸಗಣಿ ತುಂಬಿ, ಚಳಿಗಾಲಕ್ಕೆ ಮುಂಚೆ ಹೂತು, ವಸಂತದಲ್ಲಿ ತೆಗೆಯುವುದು. ಹೆಕ್ಟೇರಿಗೆ, ಅಂದ್ರ ಎರಡೂವರೆ ಎಕರೆಗೆ, ಸುಮಾರು 100 ಗ್ರಾಂ ಸಾಕು. ಉಗುರು ಬೆಚ್ಚಗಿನ ನೀರಿಗೆ ಹಾಕಿ ಒಂದು ತಾಸು ತಿರುವಬೇಕು: ಒಂದು ಕಡೆ ಸುಳಿ ಏಳುವವರೆಗೆ, ಆಮೇಲೆ ಉಲ್ಟಾ. ಸಂಜೆ ಹೊತ್ತು ಮಣ್ಣಿಗೆ ಚಿಮುಕಿಸುತ್ತಾರೆ. 501 ಇದರ ಜೋಡಿ. ಬೆಣಚುಕಲ್ಲಿನ ಪುಡಿಯನ್ನು ಕೊಂಬಿನಲ್ಲಿ ಬೇಸಿಗೆಯಿಡೀ ಹೂತು, ಹೆಕ್ಟೇರಿಗೆ ಬರೀ 4 ಗ್ರಾಂನಂತೆ ಬೆಳಿಗ್ಗೆ ಎಲೆಗೆ ಹೊಡೆಯುವುದು. ಬಳ್ಳಿ ನೀರಿಲ್ಲದೆ ಬಾಡಿದ್ದಾಗ 501 ಮುಟ್ಟಬಾರದು ಅಂತ ಅಲ್ಲಿಯವರೇ ಎಚ್ಚರಿಸುತ್ತಾರೆ.

ಪಂಚಾಂಗದ ವಿಷಯ ಬೇರೆ. ಬೇರಿನ ದಿನ, ಎಲೆಯ ದಿನ, ಹೂವಿನ ದಿನ, ಹಣ್ಣಿನ ದಿನ ಎಂಬ ವಿಂಗಡಣೆ ಸ್ಟೈನರ್ ಹೇಳಿದ್ದಲ್ಲ. ಜರ್ಮನಿಯ ಮರಿಯಾ ಥುನ್ ಎಂಬ ಹೆಣ್ಣುಮಗಳು 1950ರ ದಶಕದಲ್ಲಿ ಮೂಲಂಗಿ ಬಿತ್ತಿ ಬಿತ್ತಿ ನೋಡಿ ಕಟ್ಟಿದ್ದು. ಚಂದ್ರ ಮೇಷ, ಸಿಂಹ, ಧನು ರಾಶಿಯಲ್ಲಿದ್ದರೆ ಹಣ್ಣಿನ ದಿನ. ನಮ್ಮ 27 ನಕ್ಷತ್ರದ ಲೆಕ್ಕ ಗೊತ್ತಿದ್ದವರಿಗೆ ಇದು ಹೊಸದು ಅನ್ನಿಸೋದಿಲ್ಲ.

ಬರ್ಗಂಡಿಯವರು ಇದರ ಕಡೆ ತಿರುಗಿದ್ದು ಭಕ್ತಿಯಿಂದ ಅಂತ ನನಗೆ ಅನ್ನಿಸೋದಿಲ್ಲ, ಮಣ್ಣಿನ ಹೆದರಿಕೆಯಿಂದ. ಯುದ್ಧ ಮುಗಿದ ಮೇಲೆ ಕುದುರೆ ಹೋಗಿ ಟ್ರ್ಯಾಕ್ಟರ್ ಬಂತು, ಪೊಟ್ಯಾಷ್ ಸುರಿದರು, ಕಳೆನಾಶಕ ಹೊಡೆದರು. 1980ರ ದಶಕದಲ್ಲಿ ಕ್ಲೋಡ್ ಬೂರ್ಗಿನ್ಯೋನ್ ಎಂಬ ಮಣ್ಣು ವಿಜ್ಞಾನಿ, ನಿಮ್ಮ ಮಣ್ಣಿನಲ್ಲಿ ಸಹಾರಾ ಮರುಭೂಮಿಯಲ್ಲಿರುವಷ್ಟೂ ಜೀವ ಇಲ್ಲ ಅಂತ ಹೇಳಿ ಎಲ್ಲರನ್ನೂ ಬೆಚ್ಚಿಬೀಳಿಸಿದರು. 1988ರಲ್ಲಿ ಲಾಲು ಬೀಜ್-ಲೆರ್ವಾ ಎಂಬಾಕೆ ತಾವು ಕೊಂಡ ತೋಟಗಳನ್ನು ನೇರವಾಗಿ ಈ ಪದ್ಧತಿಗೆ ಹಾಕಿದರು. ಆನ್-ಕ್ಲೋಡ್ ಲೆಫ್ಲೇವ್ ಹಂಗ ಮಾಡಲಿಲ್ಲ. 1990ರಲ್ಲಿ ಸುಮಾರು 1 ಹೆಕ್ಟೇರಿನಲ್ಲಿ ಶುರು ಮಾಡಿ, ಪಕ್ಕದಲ್ಲೇ ಬರೀ ಸಾವಯವದ ಸಾಲು ಇಟ್ಟು, ವರ್ಷಗಟ್ಟಲೆ ಹೋಲಿಸಿ ನೋಡಿ, 1997ರಲ್ಲಿ ಪೂರ್ತಿ ತೋಟ ಬದಲಿಸಿದರು. ನನಗೆ ಈಕೆಯ ಹಾದಿಯೇ ಹೆಚ್ಚು ಹಿಡಿಸ್ತದ.

ಯಾಕಂದ್ರ 1993 ಬಂತು. ಆ ಬೇಸಿಗೆ ಮಳೆ ಹಿಡಿದು ಡೌನಿ ಬಿದ್ದು ಲೆರ್ವಾ ತೋಟದ ಇಳುವರಿ ನೆಲಕಚ್ಚಿತು. ಆಕೆ ಪದ್ಧತಿ ಬಿಡಲಿಲ್ಲ, ನಿಜ. ಆದರೆ ಆಕೆಯ ಒಂದು ಬಾಟಲಿಯ ಬೆಲೆಗೂ ನಮ್ಮ ಮಣೂಕದ ಕಿಲೋ ಬೆಲೆಗೂ ಹೋಲಿಕೆ ಇಲ್ಲ. ಬೆಳೆ ಕಳಕೊಂಡು ನಿಲ್ಲೋ ತಾಕತ್ತು ಯಾರಿಗೈತಿ ಅನ್ನೋದೂ ಈ ಇತಿಹಾಸದ ಭಾಗವೇ.

ಡೌನಿಗೆ ಅಲ್ಲಿಯವರು ಇವತ್ತಿಗೂ ನೆಚ್ಚಿರೋದು ಮೈಲುತುತ್ತ, ಸುಣ್ಣ. ಬೂದಿ ರೋಗಕ್ಕೆ ಗಂಧಕ. ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕದೀತಾರಂತ ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ-ಸುಣ್ಣ ಬಳಿದಿದ್ದರು. ಆ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದದ್ದನ್ನು ಮಿಯಾರ್ದೆ ಎಂಬ ಪ್ರಾಧ್ಯಾಪಕರು ಗಮನಿಸಿ 1885ರಲ್ಲಿ ಪ್ರಕಟಿಸಿದರು. ಅದೇ ನಮ್ಮ ಬೋರ್ಡೋ ದ್ರಾವಣ. ಬಯೋಡೈನಾಮಿಕ್ ಪ್ರಮಾಣಪತ್ರ ಕೊಡುವ ಡಿಮೀಟರ್ ಸಂಸ್ಥೆ ತಾಮ್ರಕ್ಕೆ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 3 ಕಿಲೋ ಮಿತಿ ಹಾಕೇದ. ಅಂದ್ರ ಕೊಂಬು ಹೂತವರೂ ಪಂಪು ಬಿಟ್ಟಿಲ್ಲ.

ಇನ್ನೊಂದು ಪ್ರಕರಣ ನೆರೆಹೊರೆಯವರ ಮಾತು, ಹಂಗಾಗಿ ನಮಗೂ ಬೇಕಾದದ್ದು. 2013ರಲ್ಲಿ ಜಿಗಿಹುಳುವಿನಿಂದ ಹರಡುವ, ಎಲೆ ಹಳದಿಯಾಗಿ ಬಳ್ಳಿಯನ್ನೇ ಕಿತ್ತು ಹಾಕಬೇಕಾದ ರೋಗದ ಭಯದಿಂದ, ಆ ಜಿಲ್ಲೆಯ ಎಲ್ಲ ತೋಟಕ್ಕೂ ಔಷಧಿ ಕಡ್ಡಾಯ ಅಂತ ಸರ್ಕಾರಿ ಆದೇಶ ಬಂತು. ಬೋನ್ ಊರಿನ ಬಯೋಡೈನಾಮಿಕ್ ರೈತ ಎಮ್ಯಾನ್ಯುಯೆಲ್ ಜಿಬುಲೋ ಒಲ್ಲೆ ಅಂದರು. ಸಾವಯವದಲ್ಲಿ ಒಪ್ಪಿತವಾದ ಔಷಧಿಯೂ ಬೇಡ, ಅದು ಒಳ್ಳೆಯ ಹುಳುಗಳನ್ನೂ ಕೊಲ್ತದ ಅಂದರು. 2014ರ ಏಪ್ರಿಲ್‌ನಲ್ಲಿ ಕೋರ್ಟು 1000 ಯೂರೋ ದಂಡ ಹಾಕಿತು, ಅರ್ಧ ಅಮಾನತಿನಲ್ಲಿ. ಡಿಸೆಂಬರ್‌ನಲ್ಲಿ ಮೇಲಿನ ಕೋರ್ಟು ಬಿಡುಗಡೆ ಮಾಡಿತು. ಅವರ ಧೈರ್ಯ ಮೆಚ್ಚುವಂಥದ್ದೇ. ಆದರೆ ಹುಳಕ್ಕೆ ಬಾಂದು ಗೊತ್ತಿಲ್ಲ, ಪಕ್ಕದ ಹೊಲದವನ ಸಿಟ್ಟೂ ಸುಳ್ಳಲ್ಲ.

ಸಾವಯವಕ್ಕಿಂತ ಇದು ಮೇಲೇನು? ಕ್ಯಾಲಿಫೋರ್ನಿಯಾದ ಯುಕಾಯಾ ಹತ್ತಿರದ 4.9 ಹೆಕ್ಟೇರ್ ದ್ರಾಕ್ಷಿಯಲ್ಲಿ 1996ರಿಂದ ಎರಡನ್ನೂ ಪಕ್ಕಪಕ್ಕ ನಡೆಸಿ ನೋಡಿದರು. ಮೊದಲ ಆರು ವರ್ಷ ಮಣ್ಣಿನ ಗುಣದಲ್ಲಿ ವ್ಯತ್ಯಾಸ ಸಿಗಲಿಲ್ಲ. ತಿಪ್ಪೆಗೊಬ್ಬರ, ಸಾಲಿನ ನಡುವಿನ ಹಸಿರು, ಕಳೆನಾಶಕ ಬಿಟ್ಟದ್ದು, ದಿನಾ ತೋಟ ಸುತ್ತಿ ಎಲೆ ತಿರುಗಿಸಿ ನೋಡೋದು, ಹೆಚ್ಚಿನ ಕೆಲಸ ಇವೇ ಮಾಡ್ತಾವ ಅಂತ ನನ್ನ ಅಂದಾಜು.

ಈಗ ನಮ್ಮ ಲೆಕ್ಕ ನೋಡ್ರಿ. ನಮ್ಮ ದೇಶದಲ್ಲೂ ಕೊಂಬನ್ನು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹೂತು ಫೆಬ್ರವರಿ-ಮಾರ್ಚ್‌ನಲ್ಲಿ ತೆಗೀತಾರ. ಬರ್ಗಂಡಿಯಲ್ಲಿ ಆ ತಿಂಗಳುಗಳಲ್ಲಿ ಬಳ್ಳಿ ಮಲಗಿರ್ತದ, ಚಳಿಗಾಲದಲ್ಲಿ ಜೀವವೆಲ್ಲ ಮಣ್ಣೊಳಗೆ ಇಳೀತದ ಅನ್ನೋದು ಅವರ ವಿವರಣೆ. ನಮ್ಮಲ್ಲಿ ಅದೇ ತಿಂಗಳುಗಳಲ್ಲಿ ಬಳ್ಳಿ ಹೂ ಬಿಟ್ಟು, ಕಾಯಿ ಕಟ್ಟಿ, ಸಕ್ಕರೆ ತುಂಬಿಕೊಳ್ಳೋ ಹೊತ್ತು. ಅವರ ತಾರೀಖು ನಮಗೆ ಬಂತು, ಅದರ ಹಿಂದಿನ ಚಳಿ ಬರಲಿಲ್ಲ. ಅಕ್ಟೋಬರ್ ಚಾಟಣಿ ಆಗಿ ಸಣ್ಣ ಗೊನಿ ಹೊರಬಂದಾಗ ಮಳೆ ಹಿಡಿದರೆ, ಅವತ್ತು ಎಲೆಯ ದಿನವೋ ಹಣ್ಣಿನ ದಿನವೋ ಅಂತ ಕಾಯೋಕೆ ಆಗೋದಿಲ್ಲ.

ಮಾಡಿ ನೋಡೋರು ಲೆಫ್ಲೇವ್ ಮಾಡಿದಂಗ ಮಾಡ್ರಿ: ಒಂದೇ ತಳಿ, ಒಂದೇ ಡಾಗ್‌ರಿಡ್ಜ್ ಬೇರು, ಒಂದೇ ದಿನದ ಚಾಟಣಿ, ನಾಲ್ಕು ಸಾಲು ಹೀಂಗ, ನಾಲ್ಕು ಸಾಲು ಹಾಂಗ, ತೂಕ ಬೇರೆ ಬೇರೆ. ನಮ್ಮ ಕಡೆ ಯಾರಾದರೂ ಈಗಾಗಲೇ ಕೊಂಬು ಹೂತಿದ್ದರೆ ತೆಗೆಯೋ ದಿನ ಒಂದು ಫೋನ್ ಹಚ್ರಿ, ನೋಡಾಕ ಬರ್ತೀನಿ.