ಟಿಬಿ ರೋಗಾಣುವಿನ ಜಮಾ-ಖರ್ಚು ಪುಸ್ತಕ

ಗಜೇಂದ್ರಗಡದಾಗ ನಮ್ಮ ಸೋದರಮಾವ ಮಗ್ಗದ ಮುಂದ ಕುಂತು ಸೀರೆ ನೇಯೋರು. ನಾನು ಹೈಸ್ಕೂಲಿನಲ್ಲಿದ್ದಾಗ ಅವರಿಗೆ ಟಿಬಿ ಬಂತು. ಆರು ತಿಂಗಳು ಗುಳಿಗೆ ನುಂಗಿದರು, ಗುಣ ಆದರು. ಆ ಗುಳಿಗೆಗಳಲ್ಲಿ ಒಂದು ಐಸೋನಿಯಾಜಿಡ್. ಇವತ್ತಿನ ಕಥೆ ಅಲ್ಲಿಂದ ಶುರು.

ಈ ಔಷಧ ಟಿಬಿಗೆ ಬಳಕೆಗೆ ಬಂದಿದ್ದು 1952ರಲ್ಲಿ. ಅದು ರೋಗಾಣುವಿನೊಳಗೆ 'ಇನ್ಹ್‌ಎ' ಅನ್ನೋ ಕಿಣ್ವವನ್ನು, ಅಂದ್ರೆ ಎಂಜೈಮನ್ನು, ಕಟ್ಟಿಹಾಕುತ್ತದೆ ಅಂತ ಗೊತ್ತಾಗಿದ್ದು 1994ರಲ್ಲಿ. 42 ವರ್ಷ ನೋಡ್ರಿ! ಅಷ್ಟರಲ್ಲಿ ಈ ಗುಳಿಗೆಗೆ ಬಗ್ಗದ ರೋಗಾಣುಗಳೂ ಹುಟ್ಟಿಕೊಂಡಿದ್ದವು. ಮುಂದಿನ ಔಷಧ ಯಾವ ಕಿಣ್ವಕ್ಕೆ ಗುರಿ ಇಡಬೇಕು?

1998ರಲ್ಲಿ ಟಿಬಿ ರೋಗಾಣುವಿನ ಪೂರ್ತಿ ಜೀನೋಮ್ ಓದಿ ಮುಗಿಸಿದರು. ಸುಮಾರು 4,000 ಜೀನ್. ಒಂದೊಂದನ್ನೇ ಲ್ಯಾಬಿನಲ್ಲಿ ಕೆಡಿಸಿ ನೋಡೋದು ಸಣ್ಣ ಕೆಲಸ ಅಲ್ಲ, ಈ ರೋಗಾಣು ಬೆಳೆಯೋದೇ ಬಹಳ ನಿಧಾನ.

2005ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ರಾಮನ್, ಪ್ರೀತಿ ರಾಜಗೋಪಾಲನ್, ನಾಗಸುಮ ಚಂದ್ರ ಈ ಕೆಲಸವನ್ನು ಕಂಪ್ಯೂಟರಿಗೆ ಹಚ್ಚಿದರು. ಪೂರ್ತಿ ರೋಗಾಣು ಅಲ್ಲ. ಅದರ ಮೇಣದಂಥ ಹೊದಿಕೆಗೆ ಬೇಕಾದ ಮೈಕೋಲಿಕ್ ಆಸಿಡ್ ತಯಾರಾಗೋ ದಾರಿ ಮಾತ್ರ. 219 ರಾಸಾಯನಿಕ ಕ್ರಿಯೆ, 197 ವಸ್ತು, 28 ಪ್ರೋಟೀನು.

ವಿಧಾನದ ಹೆಸರು 'ಫ್ಲಕ್ಸ್ ಬ್ಯಾಲೆನ್ಸ್ ಅನಾಲಿಸಿಸ್'. ಹೆಸರು ಕೇಳಿ ಹೆದರಿದ್ದೆ. ಓದಿದ ಮೇಲೆ ನಗು ಬಂತು, ಇದು ನಮ್ಮ ಬಿಕಾಂ ಜಮಾ-ಖರ್ಚೇ! ಒಳಗೆ ಒಂದು ವಸ್ತು ಎಷ್ಟು ತಯಾರಾಗುತ್ತೋ ಅಷ್ಟೇ ಖರ್ಚಾಗಬೇಕು, ಎರಡೂ ಕಡೆ ತಾಳೆ ಆಗಬೇಕು. ಆಮೇಲೆ ಒಂದೊಂದೇ ಜೀನನ್ನು ಪುಸ್ತಕದಿಂದ ಹೊಡೆದುಹಾಕಿ ನೋಡೋದು: ಮೈಕೋಲಿಕ್ ಆಸಿಡ್ ಇನ್ನೂ ಬರುತ್ತಾ, ನಿಂತೇಹೋಯ್ತಾ?

ರೋಣದ ರಸ್ತೆ ಬಂದ್ ಆದರೂ ಗಜೇಂದ್ರಗಡದಿಂದ ನರಗುಂದಕ್ಕೆ ಹೋಗಬಹುದು, ನರೇಗಲ್, ಗದಗ ಸುತ್ತಿಕೊಂಡು. ಅಂಥ ಸುತ್ತುದಾರಿ ಇರೋ ಕಿಣ್ವಕ್ಕೆ ಔಷಧ ಮಾಡಿ ಉಪಯೋಗ ಇಲ್ಲ. ಸುತ್ತುದಾರಿಯೇ ಇಲ್ಲದ ಕಿಣ್ವ ಬೇಕು. ಅದು ಮನುಷ್ಯರ ಕಿಣ್ವಗಳನ್ನು ಹೋಲಬಾರದು, ಇಲ್ಲಾಂದ್ರೆ ಔಷಧ ನಮಗೇ ತಿರುಗಿಬೀಳುತ್ತೆ. ಅದನ್ನೂ ಅವರು ಸೋಸಿ ನೋಡಿದರು.

ಆದ್ರ ಪುಸ್ತಕದ ಲೆಕ್ಕ ನಂಬೋದು ಹೆಂಗ? ಬ್ಯಾಂಕಿನ ಪಾಸ್‌ಬುಕ್ ಜೊತೆ ತಾಳೆ ನೋಡ್ತೀವಲ್ಲ, ಹಂಗ. ಅಮೆರಿಕದ ವಿಜ್ಞಾನಿಗಳು 2003ರಲ್ಲೇ ಲ್ಯಾಬಿನಲ್ಲಿ ಜೀನ್ ಕೆಡಿಸಿ, ಯಾವುದಿಲ್ಲದೆ ಈ ರೋಗಾಣು ಬೆಳೆಯಲ್ಲ ಅಂತ ಪಟ್ಟಿ ಮಾಡಿದ್ದರು. ಬೆಂಗಳೂರಿನವರು ತಮ್ಮ ಲೆಕ್ಕವನ್ನು ಅದರ ಪಕ್ಕ ಇಟ್ಟರು. ನನಗೆ ಕೇಳಿದ್ರೆ, ಇಂಥ ಕೆಲಸದಲ್ಲಿ ತಾಳೆ ಆದ ಸಾಲಿಗಿಂತ ತಪ್ಪಿದ ಸಾಲೇ ಹೆಚ್ಚು ಕಲಿಸುತ್ತೆ. ಕಂಪ್ಯೂಟರ್ 'ಸಾಯ್ತದ' ಅಂದಿದ್ದು ಲ್ಯಾಬಿನಲ್ಲಿ ಬದುಕಿದರೆ, ಪುಸ್ತಕದಲ್ಲಿ ಬರೆಯದ ಯಾವುದೋ ಸುತ್ತುದಾರಿ ಐತಿ ಅಂತ ಅರ್ಥ. ಉಲ್ಟಾ ಆದ್ರೆ, ಆ ಕಿಣ್ವಕ್ಕೆ ನಮ್ಮ ಪುಸ್ತಕದಾಚೆಗೂ ಏನೋ ಕೆಲಸ ಇರಬಹುದು.

ರೆಕಾರ್ಡಿಂಗಿಗೆ ಮೊದಲು ಇದನ್ನೆಲ್ಲ ಮಾವನಿಗೆ ಹೇಳಿದೆ. ಸುಮ್ಮನೆ ಕೇಳಿ, "ಅದೆಲ್ಲ ಇರಲಿ, ಆ ಗುಳಿಗಿ ನುಂಗಿದಾಗ ಉಚ್ಚಿ ಕೆಂಪಾಗ್ತಿತ್ತಲ್ಲೋ, ಅದ್ಯಾಕ?" ಅಂದ್ರು.

ಅದು ಐಸೋನಿಯಾಜಿಡ್ ಅಲ್ಲ ಮಾಮಾ, ಅದರ ಜೋಡಿ ಕೊಡೋ ರಿಫಾಂಪಿಸಿನ್.